ಬಾಗಿಲಿಲ್ಲದ ಪತ್ರಿಕಾ ಕಚೇರಿ

ಪತ್ರಿಕೆಯ ಕಚೇರಿಗೆ ಒಂದು ಕಾಲದಲ್ಲಿ ಬಾಗಿಲಿತ್ತು. ಬಾಗಿಲಲ್ಲಿ ಜವಾನನಿದ್ದನು. ಅವನ ಕೈಗೆ ಚೀಟಿಯೊಂದನ್ನು ಕೊಟ್ಟು, ಬೆಂಚಿನ ಮೇಲೆ ಕುಳಿತು, ಒಳಗಿನಿಂದ ಕರೆ ಬರುವವರೆಗೂ ಗೋಡೆಯ ಗಡಿಯಾರವನ್ನು ನೋಡುತ್ತಿರಬೇಕಾಗಿತ್ತು. ಸಂಗೀತ ಸಭೆಯ ಕಾರ್ಯದರ್ಶಿ, ಹೊಸದಾಗಿ ಅಂಗಡಿ ತೆರೆದ ವ್ಯಾಪಾರಿ, ನಲ್ಲಿಯಲ್ಲಿ ನೀರು ಬಾರದ ಬಡಾವಣೆಯ ನಿವಾಸಿಗಳು, ಎಲ್ಲರೂ ಆ ಬೆಂಚನ್ನು ಬಲ್ಲವರೇ. ಈಗ ಆ ಬೆಂಚಿಗೆ ಕೆಲಸವಿಲ್ಲ. ವರದಿಗಾರನ ಹೆಸರು, ಅವನ ಭಾವಚಿತ್ರ, ಬೆಳಿಗ್ಗೆ ಅವನು ಬರೆದ ಲೇಖನ, ಮಧ್ಯಾಹ್ನದೊಳಗೆ ಅದಕ್ಕೆ ಬಂದ ಹೊಗಳಿಕೆ ಬೈಗುಳಗಳು, ಎಲ್ಲವೂ ಅಂಗೈಯಗಲದ ಮೊಬೈಲಿನಲ್ಲಿ ಕಾಣುತ್ತವೆ. ನಡುರಾತ್ರಿಯಲ್ಲಿ ಬೇಕಾದರೂ ಅವನಿಗೊಂದು ಸಂದೇಶವನ್ನು ಕಳುಹಿಸಬಹುದು. ಜವಾನನೂ ಇಲ್ಲ, ಚೀಟಿಯೂ ಇಲ್ಲ.

ಬಾಗಿಲು ಹೋದುದರಿಂದ ಪರಿಚಯವು ಸುಲಭವಾಗಬೇಕಾಗಿತ್ತು. ಆಗಿಲ್ಲ. ಸಾಮಾಜಿಕ ಜಾಲತಾಣಗಳ ಮೂಲಕ ಪತ್ರಕರ್ತರ ಸ್ನೇಹವನ್ನು ಸಂಪಾದಿಸಲು ಹೊರಟ ವೈದ್ಯರು, ವಕೀಲರು, ಉದ್ಯಮಿಗಳು, ಗೃಹೋದ್ಯಮಗಳನ್ನು ನಡೆಸುವ ಮಹಿಳೆಯರು ಇಂದು ಅಸಂಖ್ಯರಾಗಿದ್ದಾರೆ. ಅವರಲ್ಲಿ ಬಹುಮಂದಿಗೆ ಬರುವ ಉತ್ತರ ಮೌನವೊಂದೇ. ಇದು ಪತ್ರಕರ್ತರ ದರ್ಪವೆಂದು ಹಲವರು ಮುನಿಸಿಕೊಳ್ಳುವುದುಂಟು. ಕಾರಣವನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕಾಗುತ್ತದೆ.

1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸಮೀಪದಲ್ಲಿ ರೈಲೊಂದು ಸೇತುವೆಯಿಂದ ಜಾರಿ ನೀರಿಗೆ ಬಿದ್ದು, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಇಂತಹ ಸಂದರ್ಭಗಳಲ್ಲಿ ಬಾಯಿ ಬಿಡದಿರುವುದೇ ಅಂದಿನ ರೈಲ್ವೆ ಕಂಪೆನಿಗಳ ಪದ್ಧತಿ. ಆದರೆ ಪೆನ್ಸಿಲ್ವೇನಿಯಾ ರೈಲ್ವೆಯವರಿಗೆ ಸಲಹೆಗಾರರಾಗಿದ್ದ ಐವಿ ಲೀ ಎಂಬವರು ಮೊದಲು ಸ್ವತಃ ಪತ್ರಿಕಾ ವರದಿಗಾರರಾಗಿದ್ದವರು. ಮುಚ್ಚಿಟ್ಟ ಸುದ್ದಿಯು ಹೇಗೆ ಕೊಳೆಯುವುದೆಂಬುದನ್ನು ಅವರು ಬಲ್ಲರು. ನಡೆದುದನ್ನು ಬರೆದು ಪತ್ರಿಕೆಗಳಿಗೆ ಕಳುಹಿಸಿಕೊಟ್ಟು, ವರದಿಗಾರರನ್ನು ಸ್ಥಳಕ್ಕೇ ಕರೆದೊಯ್ಯಲು ಅವರು ಏರ್ಪಾಡು ಮಾಡಿದರು. ಪತ್ರಿಕಾ ಪ್ರಕಟಣೆ ಎಂಬುದರ ಹುಟ್ಟನ್ನು ಅನೇಕರು ಈ ಘಟನೆಯಿಂದಲೇ ಎಣಿಸುತ್ತಾರೆ. ಅದೇ ವರ್ಷ ಲೀಯವರು ಸಂಪಾದಕರುಗಳಿಗೆ ತಮ್ಮ ವೃತ್ತಿಯ ನಿಯಮಗಳನ್ನು ಸಾರಿ ಹೇಳಿದರು: ತಮ್ಮ ಕೆಲಸವೆಲ್ಲ ಬಹಿರಂಗವಾಗಿಯೇ ನಡೆಯುವುದು, ತಾವು ಕಳುಹಿಸಿದ್ದು ಸುದ್ದಿಯಲ್ಲ, ಜಾಹೀರಾತು ಎಂದು ತೋರಿದರೆ ಅದನ್ನು ಬಳಸಬೇಕಾಗಿಲ್ಲ, ಸತ್ಯಾಸತ್ಯವನ್ನು ಪರೀಕ್ಷಿಸಲು ಬಯಸುವ ಸಂಪಾದಕರಿಗೆ ನೆರವು ಕೊಡಲಾಗುವುದು. ಲೀಯವರ ಮುಂದಿನ ಜೀವನವು ಈ ನಿಯಮಗಳಿಗೆ ಸದಾ ಅನುಗುಣವಾಗಿತ್ತೆಂದು ಹೇಳುವಂತಿಲ್ಲ. ಅದು ಬೇರೆಯ ಕಥೆ. ಸುದ್ದಿಯನ್ನು ಕೊಡುವವನಿಗೂ ಬರೆಯುವವನಿಗೂ ನಡುವೆ ಇರಬೇಕಾದ ಸಂಬಂಧದ ಕರಾರು ಮಾತ್ರ ಅಂದಿನಿಂದ ಹೆಚ್ಚು ಬದಲಾಗಿಲ್ಲ.

ಬದಲಾದದ್ದು ಕಳುಹಿಸುವ ವೆಚ್ಚ. ಅಂಚೆಯಲ್ಲಿ ನೂರು ಪ್ರಕಟಣೆಗಳನ್ನು ಕಳುಹಿಸಬೇಕಾದರೆ ನೂರು ಅಂಚೆಚೀಟಿಗಳು ಬೇಕಿದ್ದುವು. ಆದುದರಿಂದ ಯಾರಿಗೆ ಕಳುಹಿಸಬೇಕೆಂದು ಯೋಚಿಸುವುದೂ ಅನಿವಾರ್ಯವಾಗಿತ್ತು. ಇ-ಮೇಲ್ ಬಂದ ಮೇಲೆ ಯೋಚನೆಯ ಅಗತ್ಯವೇ ಇಲ್ಲವಾಯಿತು. ಅಮೆರಿಕದ ‘ವೈರ್ಡ್’ ಮಾಸಪತ್ರಿಕೆಯ ಸಂಪಾದಕರಾಗಿದ್ದ ಕ್ರಿಸ್ ಆಂಡರ್ಸನ್ನರಿಗೆ ದಿನವೊಂದಕ್ಕೆ 300ಕ್ಕೂ ಹೆಚ್ಚು ಪತ್ರಗಳು ಬರುತ್ತಿದ್ದುವು. 2007ರ ಅಕ್ಟೋಬರಿನಲ್ಲಿ ಅವರ ಸಹನೆ ಮುಗಿಯಿತು. ಒಂದು ತಿಂಗಳ ಅವಧಿಯಲ್ಲಿ ತಮಗೆ ಸಂಬಂಧವೇ ಇಲ್ಲದ ಪ್ರಚಾರ ಸಾಮಗ್ರಿಯನ್ನು ಕಳುಹಿಸಿದವರ ವಿಳಾಸಗಳನ್ನೆಲ್ಲ, ಅವೂ ಮುನ್ನೂರನ್ನು ಮೀರಿದ್ದುವು, ಬಹಿರಂಗವಾಗಿ ಪ್ರಕಟಿಸಿ, ಇವರ ಪತ್ರಗಳನ್ನು ಇನ್ನು ಮುಂದೆ ನೋಡುವುದಿಲ್ಲವೆಂದು ಘೋಷಿಸಿಬಿಟ್ಟರು. ಪಟ್ಟಿಯಲ್ಲಿ ದೊಡ್ಡ ದೊಡ್ಡ ಪ್ರಚಾರ ಸಂಸ್ಥೆಗಳ ನೌಕರರೂ ಇದ್ದರು. ತಮಗೆ ಬೇಕಾದವು ಎರಡೇ ಬಗೆಯ ಪತ್ರಗಳೆಂದು ಆಂಡರ್ಸನ್ ತಿಳಿಸಿದರು: ಪರಿಚಿತರು ಬರೆದವು ಒಂದು, ತಮ್ಮ ಆಸಕ್ತಿಯೇನೆಂದು ವಿಚಾರಿಸಿ ತಿಳಿದುಕೊಂಡು, ತಮಗೆಂದೇ ಬರೆದವು ಇನ್ನೊಂದು. ಶಿಕ್ಷೆ ತುಸು ಕಠಿಣವಾಯಿತೆಂದು ಅಂದು ಕೆಲವರು ಆಡಿಕೊಂಡರು. ಕೂಲಿಗೆ ಪತ್ರ ಕಳುಹಿಸುವ ಕಿರಿಯ ನೌಕರನ ಹೆಸರನ್ನು ಊರೆಲ್ಲ ಸಾರಿದ್ದು ನಿಜವಾಗಿಯೂ ಕಠಿಣವೇ.

ಸುಮಾರು ಅದೇ ಸಮಯಕ್ಕೆ ನ್ಯೂಯಾರ್ಕಿನಲ್ಲಿ ಪೀಟರ್ ಶಾಂಕ್ಮನ್ ಎಂಬವರು ಇದೇ ಸಮಸ್ಯೆಯನ್ನು ತಲೆಕೆಳಗು ಮಾಡಿ ನೋಡಿದರು. ಅವರೂ ಪ್ರಚಾರ ವೃತ್ತಿಯವರೇ. ಆದರೆ ಬಹಳ ಮಂದಿಯ ಪರಿಚಯವುಳ್ಳ ವಾಚಾಳಿ. ಆದುದರಿಂದ ವರದಿಗಾರರೇ ಅವರನ್ನು ಹುಡುಕಿಕೊಂಡು ಬಂದು, “ಇಂತಹ ವಿಷಯ ಬಲ್ಲವರು ಯಾರಾದರೂ ಗೊತ್ತೆ?” ಎಂದು ಕೇಳುತ್ತಿದ್ದರು. ದಿನವೂ ಹೀಗೆ ಒಬ್ಬೊಬ್ಬರಿಗೂ ಹೆಸರು ಹುಡುಕಿಕೊಡುವ ಬದಲು, ಕೇಳುವವರನ್ನೂ ಬಲ್ಲವರನ್ನೂ ಒಂದೇ ಕಡೆ ಕೂಡಿಸಿದರೆ ಹೇಗೆಂದು ಯೋಚಿಸಿ, ಫೇಸ್‌ಬುಕ್ಕಿನಲ್ಲಿ ಅವರೊಂದು ಗುಂಪನ್ನು ಕಟ್ಟಿದರು. ಗುಂಪು ಬಹು ಬೇಗನೆ ಫೇಸ್‌ಬುಕ್ಕಿನ ಅಂದಿನ ಮಿತಿಗಳನ್ನು ಮೀರಿ ಬೆಳೆಯಿತು. 2008ರಲ್ಲಿ ಅದು ಇ-ಮೇಲಿನ ಪಟ್ಟಿಯಾಗಿ ಮಾರ್ಪಟ್ಟಿತು. ‘ಹೆಲ್ಪ್ ಎ ರಿಪೋರ್ಟರ್ ಔಟ್’, ಎಂದರೆ ವರದಿಗಾರನಿಗೆ ಒಂದಿಷ್ಟು ನೆರವಾಗಿ, ಎಂಬುದು ಅದರ ಹೆಸರು. ಮೊದಲಕ್ಷರಗಳನ್ನು ಕೂಡಿಸಿ ಜನರು ಅದನ್ನು ‘ಹ್ಯಾರೊ’ ಎಂದು ಕರೆದರು.

ಅದರ ವ್ಯವಸ್ಥೆ ಬಹು ಸರಳ. ದಿನಕ್ಕೆ ಮೂರು ಬಾರಿ ಒಂದು ಪತ್ರ ಬರುತ್ತಿತ್ತು. ಅದರಲ್ಲಿ ವರದಿಗಾರರ ಪ್ರಶ್ನೆಗಳು ಸಾಲಾಗಿರುತ್ತಿದ್ದುವು: ಬೆನ್ನುನೋವಿನ ಬಗ್ಗೆ ಬರೆಯುತ್ತಿರುವವನಿಗೆ ಮೂಳೆವೈದ್ಯನೊಬ್ಬ ಬೇಕು, ಮನೆ ಬದಲಿಸಿದ ಕುಟುಂಬಗಳ ಬಗ್ಗೆ ಬರೆಯುತ್ತಿರುವವಳಿಗೆ ಅನುಭವಸ್ಥರೊಬ್ಬರು ಬೇಕು, ಇತ್ಯಾದಿ. ಪ್ರತಿಯೊಂದರ ಕೆಳಗೆ ಯಾವ ದಿನ ಎಷ್ಟು ಗಂಟೆಯೊಳಗೆ ಉತ್ತರ ಬೇಕೆಂಬುದೂ ನಮೂದಾಗಿರುತ್ತಿತ್ತು. ಬಲ್ಲವರು ನೇರವಾಗಿ ವರದಿಗಾರನಿಗೇ ಬರೆಯಬೇಕು. ಯಾರಿಗೂ ಶುಲ್ಕವಿಲ್ಲ. ಪತ್ರದ ತಲೆಯಲ್ಲಿ ಅಚ್ಚಾಗುತ್ತಿದ್ದ ಒಂದು ಜಾಹೀರಾತಿನಿಂದಲೇ ಖರ್ಚು ಸಾಗುತ್ತಿತ್ತು. ಉತ್ತರವು ಪ್ರಶ್ನೆಗೆ ಸರಿಯಾಗಿ ಒಪ್ಪುವುದೇ ಎಂದು ಕಳುಹಿಸುವ ಮುನ್ನ ತನ್ನನ್ನೇ ಕೇಳಿಕೊಳ್ಳಬೇಕೆಂಬುದು ಶಾಂಕ್ಮನ್ನರ ನಿಯಮ. ಪ್ರಶ್ನೆಯನ್ನು ನೆಪಮಾಡಿಕೊಂಡು ತನ್ನ ಸರಕಿನ ಬಣ್ಣನೆ ಬರೆದವರನ್ನು ಅವರು ಪಟ್ಟಿಯಿಂದ ಹೊರಗೆ ಹಾಕುತ್ತಿದ್ದರು.

ದೊಡ್ಡ ಕಂಪೆನಿಗೆ ಪ್ರಚಾರಕರ ಪಡೆಯೇ ಇರುತ್ತದೆ. ಸಣ್ಣ ಊರಿನ ಹಲ್ಲಿನ ವೈದ್ಯನಿಗೆ, ಒಬ್ಬಳೇ ಅಂಗಡಿ ನಡೆಸುವ ಹೆಂಗಸಿಗೆ ಯಾರಿದ್ದಾರೆ? ಅಂತಹವರ ಹೆಸರುಗಳೂ ಈ ಪಟ್ಟಿಯಿಂದಾಗಿ ಪ್ರಸಿದ್ಧ ಪತ್ರಿಕೆಗಳಲ್ಲಿ ಕಾಣಿಸಿಕೊಂಡುವು. 2010ರಲ್ಲಿ ವೋಕಸ್ ಎಂಬ ಕಂಪೆನಿಗೆ ಶಾಂಕ್ಮನ್ ಇದನ್ನು ಮಾರಿದಾಗ ಸದಸ್ಯರ ಸಂಖ್ಯೆ ಲಕ್ಷವನ್ನು ಮುಟ್ಟಿತ್ತು. ಕೇಳುವವನು ವರದಿಗಾರ, ಕೊಡುವವನು ಬಲ್ಲವನು. ಇಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದು ನಡೆಯಿತು.

ಬಲ್ಲವನನ್ನು ವರದಿಗಾರ ಎಲ್ಲಿದ್ದರೂ ಹುಡುಕಿ ತೆಗೆಯುತ್ತಾನೆ. 2009ರ ಜನವರಿ 15ರಂದು 155 ಮಂದಿಯಿದ್ದ ವಿಮಾನವೊಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದು, ಎಲ್ಲರೂ ಬದುಕಿ ಉಳಿದರಷ್ಟೆ. ನೆರವಿಗೆ ಧಾವಿಸಿದ ದೋಣಿಯಲ್ಲಿದ್ದ ಜ್ಯಾನಿಸ್ ಕ್ರುಮ್ಸ್ ಎಂಬ ಯುವಕನು ನೀರಿನ ಮೇಲೆ ತೇಲುತ್ತಿದ್ದ ವಿಮಾನದ ಚಿತ್ರವನ್ನು ತೆಗೆದು ಟ್ವಿಟರಿನಲ್ಲಿ ಹಾಕಿದನು. ಆತನ ಮಾತನ್ನು ಅನುಸರಿಸುತ್ತಿದ್ದವರ ಸಂಖ್ಯೆ ದೊಡ್ಡದೇನೂ ಆಗಿರಲಿಲ್ಲ. ಆದರೂ ಒಂದು ಗಂಟೆ ಕಳೆಯುವುದರೊಳಗೆ ಆತನು ದೂರದರ್ಶನ ವಾಹಿನಿಯೊಂದರಲ್ಲಿ ನೇರವಾಗಿ ಮಾತನಾಡುತ್ತಿದ್ದನು. ಸಾವಿರಾರು ಹಿಂಬಾಲಕರನ್ನು ಹಣ ಕೊಟ್ಟು ಕೊಳ್ಳುವವರು ಈ ಸಂಗತಿಯನ್ನು ಮರೆಯುತ್ತಾರೆ.

ಆದರೆ ಕ್ರುಮ್ಸ್‌ನದು ಒಂದು ದಿನದ ಪರಿಚಯ. ಬಹುಕಾಲ ಉಳಿಯುವ ಸಂಬಂಧವು ಹೇಗೆ ಬೆಳೆಯುವುದೆಂಬುದಕ್ಕೆ 2011ರ ಅರಬ್ ದೇಶಗಳ ಬಂಡಾಯದ ದಿನಗಳನ್ನು ನೋಡಬೇಕು. ಅಮೆರಿಕದ ಸಾರ್ವಜನಿಕ ಬಾನುಲಿ ಸಂಸ್ಥೆಯಾದ ಎನ್‌ಪಿಆರ್‌ನ ಆ್ಯಂಡಿ ಕಾರ್ವಿನ್ ಟುನೀಸಿಯಾ, ಈಜಿಪ್ಟ್, ಲಿಬಿಯಾಗಳಿಂದ ಬಂದ ಸುದ್ದಿಯನ್ನು ವಾಷಿಂಗ್ಟನ್ನಿನಲ್ಲಿ ಕುಳಿತೇ ಟ್ವಿಟರಿನ ಮೂಲಕ ಸಂಗ್ರಹಿಸುತ್ತಿದ್ದರು. ಸಿಕ್ಕಿದ್ದನ್ನೆಲ್ಲ ನಂಬುವವರಲ್ಲ ಅವರು. “ಇದು ನಿಜವೆ? ಬಲ್ಲವರು ಹೇಳಿ” ಎಂದು ಓದುಗರನ್ನೇ ಕೇಳುವುದು ಅವರ ವಾಡಿಕೆ. ಆ ಮಾರ್ಚಿನಲ್ಲಿ ಲಿಬಿಯಾದಿಂದ ಗುಂಡೊಂದರ ಚಿತ್ರ ಬಂದಿತು. ಅದರ ಮೇಲೆ ಆರು ಮೂಲೆಯ ನಕ್ಷತ್ರ. ಇಸ್ರೇಲಿನ ಶಸ್ತ್ರಗಳನ್ನು ಗಡಾಫಿ ಬಳಸುತ್ತಿರುವನೆಂಬ ಗುಲ್ಲೆದ್ದಿತು. ಕಾರ್ವಿನ್ನರು ಚಿತ್ರವನ್ನು ಓದುಗರ ಮುಂದಿಟ್ಟರು. ಹಲವರು ಕೈಜೋಡಿಸಿ ಹುಡುಕಿ, ಆ ನಕ್ಷತ್ರವು ಯಾವ ದೇಶದ ಲಾಂಛನವೂ ಅಲ್ಲ, ರಾತ್ರಿಯ ಹೊತ್ತು ಆಕಾಶದಲ್ಲಿ ಬೆಳಕು ಮಾಡಲು ಹಾರಿಸುವ ಗುಂಡಿಗೆ ಹಿಂದಿನಿಂದಲೂ ಹಾಕುತ್ತಿದ್ದ ಗುರುತು ಎಂದು ತೋರಿಸಿಕೊಟ್ಟರು. ಹೀಗೆ ನೆರವಾದವರಿಗೆ ಅದರಿಂದ ಕಾಸಿನ ಲಾಭವಿರಲಿಲ್ಲ. ಮಾರುವ ಸರಕೂ ಅವರಲ್ಲಿರಲಿಲ್ಲ. ದಿನದಿನವೂ ಸರಿಯಾದ ಮಾತನ್ನೇ ಹೇಳುತ್ತ ಬಂದವರನ್ನು ಕಾರ್ವಿನ್ನರು ಗುರುತಿಟ್ಟುಕೊಂಡರು. ಮುಂದಿನ ಪ್ರಶ್ನೆ ಬಂದಾಗ ಮೊದಲು ಅವರತ್ತಲೇ ತಿರುಗಿದರು.

ಯುದ್ಧದ ಸುದ್ದಿಗೆ ಸಲ್ಲುವ ಮಾತು ರಾಗಿಯ ಸುದ್ದಿಗೂ ಸಲ್ಲುತ್ತದೆ. ಬೆಂಗಳೂರಿನ ಬಸವನಗುಡಿಯಲ್ಲಿ ಸಿರಿಧಾನ್ಯಗಳ ಹುರಿಹಿಟ್ಟು, ಚಕ್ಕುಲಿಗಳನ್ನು ಮಾಡಿ ಮಾರುವ ಗೃಹಿಣಿಯೊಬ್ಬಳಿದ್ದಾಳೆಂದು ಇಟ್ಟುಕೊಳ್ಳಬಹುದು. ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಇಂತಹವರು ಅನೇಕರು ತಮ್ಮ ತಿಂಡಿಗಳ ಬಣ್ಣದ ಚಿತ್ರಗಳನ್ನು ಪತ್ರಕರ್ತರಿಗೆಲ್ಲ ಕಳುಹಿಸಿದರೆ ಆಶ್ಚರ್ಯವಿಲ್ಲ. ವರದಿಗಾರನಿಗೆ ಬೇಕಾದುದು ಚಕ್ಕುಲಿಯ ಚಿತ್ರವೇ? ಅವನು ಬರೆಯುತ್ತಿರುವುದು ನವಣೆಯ ಬೆಲೆ ಏಕೆ ಏರಿತೆಂಬುದನ್ನು. ಸಗಟು ಅಂಗಡಿಯಲ್ಲಿ ಕಳೆದ ಯುಗಾದಿಗೆ ಏನು ದರವಿತ್ತು, ಈಗೆಷ್ಟು, ಪಾಲಿಶ್ ಮಾಡಿದ ಧಾನ್ಯಕ್ಕೂ ಮಾಡದುದಕ್ಕೂ ಏನು ವ್ಯತ್ಯಾಸ, ಮಳೆಗಾಲದಲ್ಲಿ ಹುಳು ಬೀಳದಂತೆ ಹೇಗಿಡುವುದು, ಇವೆಲ್ಲ ಆಕೆಗೆ ಗೊತ್ತು. ಕೃಷಿ ಇಲಾಖೆಯ ಅಧಿಕಾರಿಗಿಂತ ಚೆನ್ನಾಗಿಯೇ ಗೊತ್ತಿದ್ದೀತು. ಅವನ ಲೇಖನವನ್ನು ಕೊನೆಯವರೆಗೆ ಓದಿ, ಅದರ ಕೆಳಗೆ ಆಕೆ ತನ್ನ ರಶೀದಿಗಳಲ್ಲಿರುವ ದರಗಳನ್ನು ನಾಲ್ಕು ಸಾಲಿನಲ್ಲಿ ಬರೆದರೆ, ಅವನು ಆ ಹೆಸರನ್ನು ಮರೆಯುವುದು ಕಷ್ಟ. ಮುಂದಿನ ಬಾರಿ ಅವನೇ ಕೇಳಬಹುದು. ಆಗಲೂ ಲೇಖನದಲ್ಲಿ ಆಕೆಗೆ ದಕ್ಕುವುದು ಒಂದು ಸಾಲು. ಹುರಿಹಿಟ್ಟಿನ ಹೆಸರು ಅದರಲ್ಲಿ ಬರಲೂಬಹುದು, ಬಾರದಿರಲೂಬಹುದು. ಬಾರದಿದ್ದರೆ ಮುಖ ಊದಿಸಿಕೊಳ್ಳುವವರೊಡನೆ ಯಾವ ವರದಿಗಾರನೂ ಎರಡನೆಯ ಸಲ ಮಾತನಾಡಲಿಚ್ಛಿಸುವುದಿಲ್ಲ.

ಪರಿಚಯವಾದ ಮೇಲೆ ಎಡವುವವರೇ ಹೆಚ್ಚು. ವಾಟ್ಸಾಪಿನಲ್ಲಿ ಸಲಿಗೆಯಿಂದ ಮಾತು ಬೆಳೆದು, ವೈದ್ಯರೊಬ್ಬರು ತಮ್ಮ ಆಸ್ಪತ್ರೆಯ ಒಳಗುಟ್ಟೊಂದನ್ನು ಹೇಳಿ, ಕೊನೆಯಲ್ಲಿ “ಇದು ಪ್ರಕಟಣೆಗಲ್ಲ” ಎಂದು ಸೇರಿಸುತ್ತಾರೆ. ಆ ಕರಾರಿಗೆ ಮಾತಿಗೆ ಮೊದಲೇ ಇಬ್ಬರೂ ಒಪ್ಪಿರಬೇಕು; ಹೇಳಿಯಾದ ಮೇಲೆ ಒಬ್ಬರು ಹಾಕಿದ ಷರತ್ತಿಗೆ ಇನ್ನೊಬ್ಬರು ಬದ್ಧರಲ್ಲವೆಂಬುದು ಪತ್ರಿಕಾ ವೃತ್ತಿಯ ಹಳೆಯ ರೂಢಿ. ಇನ್ನು ಅಚ್ಚಾಗುವ ಮೊದಲು ಲೇಖನವನ್ನು ತೋರಿಸಬೇಕೆಂದು ಕೇಳುವವರಿದ್ದಾರೆ. ತಮ್ಮ ಹೇಳಿಕೆಯಲ್ಲಿರುವ ಅಂಕಿಗಳು ಸರಿಯಿವೆಯೇ ಎಂದು ವಿಚಾರಿಸುವುದು ತಪ್ಪಲ್ಲ, ಲೇಖನವನ್ನೇ ತಿದ್ದಲು ಕೇಳುವುದು ತಪ್ಪು. ಹಬ್ಬಕ್ಕೆ ಬೆಲೆಬಾಳುವ ಉಡುಗೊರೆ ಕಳುಹಿಸುವವರನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಭಾರತದ ಪತ್ರಿಕಾ ಮಂಡಳಿಯು 2010ರಲ್ಲಿ ಕಾಸಿಗಾಗಿ ಸುದ್ದಿ ಎಂಬ ಪಿಡುಗನ್ನು ವಿಚಾರಿಸಿದಾಗ, ಹಣ ಕೊಟ್ಟು ಪ್ರಕಟಿಸಿದ್ದನ್ನು ಮಾತ್ರವಲ್ಲ, ವಸ್ತುರೂಪದಲ್ಲಿ ಪ್ರತಿಫಲ ಕೊಟ್ಟು ಪ್ರಕಟಿಸಿದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ರೇಷ್ಮೆ ಸೀರೆಯೂ ವಸ್ತುವೇ.

ಇಷ್ಟೆಲ್ಲ ತಿಳಿದವರಿಗೂ ಈಚಿನ ವರ್ಷಗಳಲ್ಲಿ ದಾರಿ ದುರ್ಗಮವಾಗಿದೆ. ಪತ್ರಕರ್ತರೆಲ್ಲ ಸೇರುತ್ತಿದ್ದ ಸಂತೆಯಂತಿದ್ದ ಟ್ವಿಟರನ್ನು 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಕೊಂಡುಕೊಂಡರು. 2023ರ ಜುಲೈಯಲ್ಲಿ ಅದರ ಹೆಸರು ಎಕ್ಸ್ ಎಂದಾಯಿತು. ಹೆಸರಿನ ಪಕ್ಕದ ನೀಲಿ ಗುರುತು ಮೊದಲು ಈತನು ನಿಜವಾಗಿಯೂ ಈತನೇ ಎಂಬುದಕ್ಕೆ ಸಾಕ್ಷಿಯಾಗಿತ್ತು. 2023ರ ಏಪ್ರಿಲಿನಲ್ಲಿ ಹಳೆಯ ಗುರುತುಗಳನ್ನು ಅಳಿಸಿದ ಮೇಲೆ ಅದು ಚಂದಾ ಹಣ ಕೊಟ್ಟವರ ಪಾಲಾಯಿತು. ಪತ್ರಕರ್ತನೆಂದು ಹೇಳಿಕೊಂಡು ಬರುವವನು ಪತ್ರಕರ್ತನೇ ಎಂದು ತಿಳಿಯಬೇಕಾದರೆ ಈಗ ಅವನ ಪತ್ರಿಕೆಯ ಕಚೇರಿಯನ್ನೇ ವಿಚಾರಿಸುವುದು ಕ್ಷೇಮ. ಕಾರ್ವಿನ್ನರು ಹಿಂದೆ ಕೆಲಸ ಮಾಡುತ್ತಿದ್ದ ಎನ್‌ಪಿಆರ್ ಆ ಏಪ್ರಿಲಿನಲ್ಲಿಯೇ ಅಲ್ಲಿಂದ ಹೊರನಡೆಯಿತು; ಲಂಡನ್ನಿನ ‘ಗಾರ್ಡಿಯನ್’ 2024ರ ನವೆಂಬರಿನಲ್ಲಿ. ಸಂತೆಯಲ್ಲಿದ್ದವರು ಲಿಂಕ್ಡ್‌ಇನ್, ಬ್ಲೂಸ್ಕೈ ಮೊದಲಾದ ಕಡೆಗಳಿಗೆ ಚದರಿಹೋದರು. ಪರಿಚಯವನ್ನು ಸಂತೆಯಲ್ಲಿಯೇ ಬಿಟ್ಟವರಿಗೆ ನಷ್ಟವಾಯಿತು. ಒಂದು ದೂರವಾಣಿ ಸಂಖ್ಯೆಯನ್ನಾದರೂ ಮನೆಗೆ ತಂದಿಟ್ಟುಕೊಂಡವರಿಗೆ ಆಗಲಿಲ್ಲ.

ಹ್ಯಾರೊ ಪಟ್ಟಿಯ ಗತಿಯಂತೂ ಇನ್ನೂ ವಿಚಿತ್ರ. ವೋಕಸ್ ಕಂಪೆನಿಯು 2014ರಲ್ಲಿ ಸಿಷನ್ ಎಂಬ ಸಂಸ್ಥೆಯೊಡನೆ ಸೇರಿಹೋಯಿತು. ಪ್ರಸಿದ್ಧ ಪತ್ರಿಕೆಯ ಜಾಲತಾಣವು ತಮ್ಮ ತಾಣದ ಕೊಂಡಿಯನ್ನು ಕೊಟ್ಟರೆ ಗೂಗಲಿನ ಹುಡುಕಾಟದಲ್ಲಿ ತಮ್ಮ ಹೆಸರು ಮೇಲೇರುವುದೆಂಬುದನ್ನು ವ್ಯಾಪಾರಿಗಳು ಈ ವೇಳೆಗೆ ಕಂಡುಕೊಂಡಿದ್ದರು. ಪ್ರಶ್ನೆಗೆ ಉತ್ತರಿಸುವುದು ಒಂದು ಗುತ್ತಿಗೆ ಕೆಲಸವಾಯಿತು. ಬೆನ್ನುನೋವಿನ ಪ್ರಶ್ನೆಗೆ ಹಾಸಿಗೆ ವ್ಯಾಪಾರಿಯ ಪರವಾಗಿ ಗುಮಾಸ್ತನು ಉತ್ತರ ಬರೆಯತೊಡಗಿದನು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗುಮಾಸ್ತನೂ ಬೇಕಾಗಲಿಲ್ಲ. ಪ್ರಶ್ನೆ ಬಂದ ಕ್ಷಣವೇ ಯಂತ್ರವು ನಯವಾದ ಮೂರು ಪರಿಚ್ಛೇದಗಳನ್ನು ಹೊಸೆದು ಕೊಡುತ್ತಿತ್ತು. ಅನುಭವವೇ ಇಲ್ಲದವರು ಅನುಭವಸ್ಥರಾದರು. ಬ್ರಿಟನ್ನಿನ ‘ಪ್ರೆಸ್ ಗೆಜೆಟ್’ 2025ರಲ್ಲಿ ಇದನ್ನೇ ಬೆನ್ನಟ್ಟಿದಾಗ, ಹಲವು ಪತ್ರಿಕೆಗಳು ತಜ್ಞರೆಂದು ಉದ್ಧರಿಸಿದ್ದ ಕೆಲವರ ಅರ್ಹತೆಗಳಿಗೆ ಆಧಾರವೇ ಸಿಗದೆ, ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಮೋಸವು ಒಂದೇ ಕಡೆಯದೂ ಅಲ್ಲ. ಅದೇ ವರ್ಷ ‘ವೈರ್ಡ್’, ಹಿಂದೆ ಆಂಡರ್ಸನ್ನರು ಅಷ್ಟು ಕಟ್ಟುನಿಟ್ಟಾಗಿ ಕಾದಿದ್ದ ಅದೇ ಪತ್ರಿಕೆ, ಯಂತ್ರದಿಂದ ಬರೆಸಿದುದೆಂದು ತೋರಿದ ಬಿಡಿ ಲೇಖನವೊಂದನ್ನು ತನ್ನ ತಾಣದಿಂದ ತೆಗೆದುಹಾಕಿತು. ಬರೆದವರೆಂದು ಅಚ್ಚಾಗಿದ್ದ ಹೆಸರಿನ ಹಿಂದೆ ಯಾರಿದ್ದರೆಂಬುದೇ ಸಂದೇಹಕ್ಕೆಡೆಯಾಗಿತ್ತು.

ಸಿಷನ್ ಸಂಸ್ಥೆಯವರು ಹ್ಯಾರೊವಿಗೆ ಕನೆಕ್ಟಿವ್ಲಿ ಎಂಬ ಹೊಸ ಹೆಸರನ್ನಿಟ್ಟು, ಇಂತಿಷ್ಟಕ್ಕಿಂತ ಹೆಚ್ಚು ಉತ್ತರ ಕಳುಹಿಸುವವರಿಗೆ ಶುಲ್ಕ ವಿಧಿಸಿ ನೋಡಿದರು. ಹಣ ಕೊಟ್ಟು ಕಳುಹಿಸಲು ಸಿದ್ಧರಾದವರು ಯಾರೆಂದು ಊಹಿಸುವುದು ಕಷ್ಟವಲ್ಲ. 2024ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿಬಿಟ್ಟರು.

ಶಾಂಕ್ಮನ್ನರು ಅಷ್ಟರಲ್ಲಿಯೇ ‘ಸೋರ್ಸ್ ಆಫ್ ಸೋರ್ಸಸ್’ ಎಂಬ ಇನ್ನೊಂದು ಪಟ್ಟಿಯನ್ನು, ಹಿಂದಿನಂತೆಯೇ ಉಚಿತವಾಗಿ, ಪ್ರಾರಂಭಿಸಿದ್ದರು. ಹಳೆಯ ಹ್ಯಾರೊವನ್ನೂ ಫೀಚರ್ಡ್ ಎಂಬ ಕಂಪೆನಿಯು ಕೊಂಡುಕೊಂಡು, 2025ರ ಏಪ್ರಿಲಿನಲ್ಲಿ ಹಳೆಯ ಪದ್ಧತಿಯ ಇ-ಮೇಲ್ ಪಟ್ಟಿಯಾಗಿಯೇ ಮರಳಿ ಆರಂಭಿಸಿತು. ಪ್ರಶ್ನೆಗಳು ಮತ್ತೆ ಬರುತ್ತಿವೆ, ಉತ್ತರಗಳೂ ಹೋಗುತ್ತಿವೆ. ಒಂದು ವ್ಯತ್ಯಾಸವಿದೆ. ಉತ್ತರ ಎಷ್ಟೇ ಚೆನ್ನಾಗಿರಲಿ, ಎಚ್ಚರವುಳ್ಳ ವರದಿಗಾರನು ಈಗ ದೂರವಾಣಿ ಸಂಖ್ಯೆಯನ್ನು ಕೇಳುತ್ತಾನೆ. ಆ ಕಡೆಯಿಂದ ನಿಜವಾದ ಮನುಷ್ಯರೊಬ್ಬರು “ಹಲೋ” ಎಂದ ಮೇಲೆಯೇ ಅವನು ಟಿಪ್ಪಣಿ ಪುಸ್ತಕವನ್ನು ತೆರೆಯುವುದು.